ತೋಟ ನೋಡೋಕೆ ಹೋದವರು ಕಸಿ ಕಡ್ಡಿ ತರಬೇಡಿ

ಮಾನ್ಯ ಸಂಪಾದಕರೇ,

ಕಿತ್ತಳೆ, ಮೋಸಂಬಿ, ನಿಂಬೆ ಬೆಳೆಯೋ ರೈತರು ಗುಂಪಾಗಿ ಬೇರೆ ಕಡೆ ತೋಟ ನೋಡಿಬರೋ ಸುದ್ದಿ ನಿಮ್ಮ ಕೃಷಿ ಪುಟದಲ್ಲಿ ಆಗಾಗ ಬರ್ತಿರುತ್ತೆ, ಫೋಟೋದಲ್ಲಿ ಎಲ್ರೂ ಹಣ್ಣು ತುಂಬಿದ ಗಿಡದ ಮುಂದೆ ನಿಂತಿರ್ತಾರೆ. ಇಂಥ ಪ್ರವಾಸ ಆಗ್ಲೇಬೇಕು, ನಾನೂ ಕಿತ್ತಳೆ ಬೆಳೆಗಾರ, ಹೀಗೆ ಹೋಗಿ ಕಲ್ತಿದ್ದು ತುಂಬಾ ಇದೆ. ಆದ್ರೆ ವಾಪಸ್ ಬರುವಾಗ ಬಸ್ಸಲ್ಲಿ ಒದ್ದೆ ಬಟ್ಟೆ ಸುತ್ತಿದ ಕಸಿ ಕಡ್ಡಿ, ಸೀಟಿನ ಕೆಳಗೆ ಎರಡು ಮೂರು ಸಸಿ ಕಂಡಾಗೆಲ್ಲ ನಂಗೆ ಎದೆ ಧಸಕ್ ಅನ್ನುತ್ತೆ, ಅದಕ್ಕೇ ಈ ಪತ್ರ.

ಸಿಟ್ರಸ್ ಗಿಡಗಳ ದೊಡ್ಡ ರೋಗಗಳಾದ ಗ್ರೀನಿಂಗ್ (ಬ್ಯಾಕ್ಟೀರಿಯಾದಿಂದ ಬರೋದು), ಟ್ರಿಸ್ಟೆಜಾ (ವೈರಸ್‌ನಿಂದ ಬರೋದು), ಎಕ್ಸೋಕಾರ್ಟಿಸ್ (ವೈರಸ್ಸಿಗಿಂತ ಚಿಕ್ಕ ವೈರಾಯ್ಡ್‌ನಿಂದ ಬರೋದು) ಮೂರೂ ಕಸಿ ಕಡ್ಡಿ ಜೊತೆ ಸಲೀಸಾಗಿ ಬರ್ತವೆ. ಕಡ್ಡಿ ಕೊಟ್ಟ ಗಿಡ ಕಣ್ಣಿಗೆ ಚೆನ್ನಾಗೇ ಕಾಣ್ತಿರುತ್ತೆ, ಯಾಕಂದ್ರೆ ಗ್ರೀನಿಂಗ್ ಹತ್ತಿದ ಮರ ಲಕ್ಷಣ ತೋರಿಸೋಕೆ ತಿಂಗಳುಗಳು, ಕೆಲವು ಸಲ ವರ್ಷಗಳೇ ಹಿಡಿಯುತ್ತೆ, ಅಷ್ಟರಲ್ಲಿ ಸಿಲ್ಲಿಡ್ ಅನ್ನೋ ಪುಟ್ಟ ಕೀಟ ಎಳೆ ಚಿಗುರಿನ ರಸ ಹೀರ್ತಾ ಆ ಬ್ಯಾಕ್ಟೀರಿಯಾನ ಪಕ್ಕದ ಸಾಲಿಗೂ ಪಕ್ಕದವರ ತೋಟಕ್ಕೂ ಹಂಚಿ ಆಗಿರುತ್ತೆ. ರೋಗ ಹತ್ತಿದ ಮರನ ಪೂರ್ತಿ ವಾಸಿ ಮಾಡೋ ಔಷಧಿ ಇವತ್ತಿಗೂ ಇಲ್ಲ. ಅಮೆರಿಕದ ಫ್ಲೋರಿಡಾದಲ್ಲಿ 1998ರಲ್ಲಿ ಈ ಕೀಟ ಸಿಕ್ತು, 2005ರಲ್ಲಿ ರೋಗ ಸಿಕ್ತು. 2003-04ರಲ್ಲಿ 24 ಕೋಟಿ ಬಾಕ್ಸ್ ಕಿತ್ತಳೆ ಕೊಯ್ದಿದ್ದ ರಾಜ್ಯ ಈಗ 2 ಕೋಟಿ ಬಾಕ್ಸ್ ಮುಟ್ಟೋಕೂ ಒದ್ದಾಡ್ತಿದೆ, ಚಂಡಮಾರುತಗಳೂ ಹೊಡೆದ್ವು ನಿಜ, ಆದ್ರೆ ಬೆಳೆಗಾರರ ಬೆನ್ನು ಮುರಿದಿದ್ದು ಗ್ರೀನಿಂಗೇ. ಅಲ್ಲಿ ಕೀಟ ಬೇಗ ಹರಡಿದ್ದಕ್ಕೆ ನರ್ಸರಿ ಗಿಡಗಳ ಸಾಗಾಟ ಒಂದು ದೊಡ್ಡ ಕಾರಣ, ಅದರಲ್ಲಿ ಬೇಲಿಗೆ ಅಂದಕ್ಕೆ ಹಾಕೋ ಮುರ್ರಾಯ ಗಿಡನೂ ಇತ್ತು. ಕರಿಬೇವೂ ಅದೇ ಬಳಗ, ಅದರ ಚಿಗುರಲ್ಲೂ ಸಿಲ್ಲಿಡ್ ಬದುಕುತ್ತೆ, ಹಾಗಾಗಿ ಬರೀ ಕರಿಬೇವು ತಾನೇ ಅಂತ ಸಸಿ ಹಿಡ್ಕೊಂಡು ಬರೋದೂ ಬೇಡ.

ಇನ್ನು ಹೋದ ಜಾಗದಲ್ಲಿ ನಾವು ಕೇಳೋ ಮೊದಲ ಪ್ರಶ್ನೆ ಯಾವಾಗ್ಲೂ ಒಂದೇ, ಗಿಡಕ್ಕೆ ಎಷ್ಟು ಹಣ್ಣು ಸಾರ್ ಅಂತ. ಬೇರುಗಿಡ (ಕಸಿ ಕಟ್ಟೋಕೆ ಬೇರು ಕೊಡೋ ಕೆಳಗಿನ ಗಿಡ) ಯಾವುದು, ಮಣ್ಣು ಯಾವುದು ಅಂತ ಕೇಳೋರು ಕಮ್ಮಿ. ಮೇಲಿನ ತಳಿ ಒಂದೇ ಆದ್ರೂ ಕೆಳಗಿನ ಬೇರು ಬದಲಾದ್ರೆ ತೋಟದ ಹಣೆಬರಹನೇ ಬದಲಾಗುತ್ತೆ. ಬ್ರೆಜಿಲ್‌ನವರು ಒಂದು ಕಾಲಕ್ಕೆ ಹುಳಿ ಕಿತ್ತಳೆ ಬೇರಿನ ಮೇಲೆ ಸಿಹಿ ಕಿತ್ತಳೆ ಕಸಿ ಕಟ್ತಿದ್ರು, ಬುಡ ಕೊಳೆಯೋ ರೋಗನ ಆ ಬೇರು ಚೆನ್ನಾಗಿ ತಡೀತಿತ್ತು, ಆದ್ರೆ 1930-40ರ ದಶಕದಲ್ಲಿ ಟ್ರಿಸ್ಟೆಜಾ ಬಂದಾಗ ಅದೇ ಜೋಡಿಯ ಲಕ್ಷಾಂತರ ಮರ ಸತ್ವು. ಆಮೇಲೆ ಎಲ್ರೂ ರಂಗಪುರ ನಿಂಬೆ ಬೇರಿಗೆ ಹೋದ್ರು, ಬರ ತಡೆಯುತ್ತೆ ಅಂತ, 2000ದ ಆಸುಪಾಸಲ್ಲಿ ಆ ಬೇರಿನ ಗಿಡಗಳೇ ಇನ್ನೊಂದು ರೋಗಕ್ಕೆ ದಿಢೀರಂತ ಒಣಗೋಕೆ ಶುರುವಾದ್ವು. ಮೂರೆಲೆ ಕಿತ್ತಳೆ ಬೇರು ಟ್ರಿಸ್ಟೆಜಾನೂ ತಡೆಯುತ್ತೆ ಬುಡಕೊಳೆನೂ ತಡೆಯುತ್ತೆ, ಆದ್ರೆ ಸುಣ್ಣದ ಮಣ್ಣಲ್ಲಿ ಇಟ್ರೆ ಎಲೆ ಹಳದಿಯಾಗಿ ಸೊರಗುತ್ತೆ. ಅಂದ್ಮೇಲೆ ಅವರ ತೋಟದ ಗಿಡ ನಮ್ಮ ಮಣ್ಣಲ್ಲೂ ಹಾಗೇ ಬರುತ್ತೆ ಅನ್ನೋಕೆ ಯಾವ ಆಧಾರ ಇದೆ?

ನನಗೆ ಬಹಳ ಉಪಯೋಗ ಆಗಿದ್ದು ತೋಟದ ಮೂಲೆಯಲ್ಲಿ ಒಣಗ್ತಿದ್ದ ಒಂದು ಗಿಡದಿಂದ. ಒಣಗ್ತಿರೋ ಗಿಡ ಇದ್ರೆ ತೋರ್ಸಿ ಅಂತ ನಮ್ಮಲ್ಲೊಬ್ರು ಕೇಳಿದ್ರು, ಆ ಯಜಮಾನ್ರು ಬೇಜಾರು ಮಾಡ್ಕೊಳ್ದೆ ಕರ್ಕೊಂಡು ಹೋಗಿ ಬುಡದಲ್ಲಿ ಕೂತು ಕೈಯಲ್ಲೇ ಮಣ್ಣು ಕೆದಕಿ ಒಂದು ಎಳೆ ಬೇರು ತೆಗೆದು ಬೆರಳಲ್ಲಿ ಎಳೆದ್ರು. ಸಿಪ್ಪೆ ಪೂರ್ತಿ ಕಳಚ್ಕೊಂಡು ಬಂತು, ಒಳಗೆ ದಾರದ ಹಾಗೆ ನಾರು ಮಾತ್ರ ಉಳೀತು. ಫೈಟಾಫ್ಥೊರಾ ಅನ್ನೋ ಶಿಲೀಂಧ್ರದಂಥ ಸೂಕ್ಷ್ಮಜೀವಿ ಬೇರು ತಿಂದ ಗುರುತು ಅದು. ಮೇಲೆ ಕಾಂಡ ನೋಡಿದ್ರೆ ಕಸಿ ಗಂಟು ಮಣ್ಣಲ್ಲಿ ಹೂತೋಗಿತ್ತು, ನೀರು ನೇರ ಬುಡಕ್ಕೇ ಬಂದು ನಿಲ್ತಿತ್ತು, ತೊಗಟೆಯಿಂದ ಅಂಟು ಸೋರ್ತಿತ್ತು. ಗಂಟು ನೆಲದಿಂದ ಒಂದು ಗೇಣಾದ್ರೂ ಮೇಲಿರಬೇಕು, ನೀರು ಕಾಂಡಕ್ಕೆ ತಾಗದ ಹಾಗೆ ಪಾತಿ ಮಾಡಬೇಕು, ಮಳೆಗೆ ಮುಂಚೆ ಒಂದ್ಸಲ, ಮಳೆ ಮುಗಿದ್ಮೇಲೆ ಒಂದ್ಸಲ ಬುಡದಿಂದ ಎರಡು ಮೂರು ಅಡಿ ಎತ್ತರಕ್ಕೆ ಬೋರ್ಡೋ ಪೇಸ್ಟ್ ಬಳೀಬೇಕು (1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, 10 ಲೀಟರ್ ನೀರು). ಇದನ್ನೆಲ್ಲ ಪುಸ್ತಕದಲ್ಲಿ ಓದಿದ್ದೆ, ಆದ್ರೆ ಆ ಸಿಪ್ಪೆ ಕಳಚಿದ್ದು ನೋಡಿದ್ಮೇಲೆ ನಮ್ಮ ಗುಂಪಿನಲ್ಲಿ ಯಾರಿಗೂ ಮರೆಯಲ್ಲ.

ಅವರೇ ಒಂದು ಬಾಲ್ ಪೆನ್ನಿನ ಪರೀಕ್ಷೆನೂ ಹೇಳ್ಕೊಟ್ರು. ಹಳದಿ ಮಚ್ಚೆ ಇರೋ ಎಲೆಯಲ್ಲಿ ನಡುನರದ ಎರಡೂ ಪಕ್ಕ ಒಂದೇ ಮಟ್ಟದಲ್ಲಿ ಒಂದೊಂದು ಸುತ್ತು ಹಾಕಿ ನೋಡಿ, ಎರಡರ ಒಳಗೂ ಹಳದಿ ಒಂದೇ ಥರ ಇದ್ರೆ ಸತು, ಮ್ಯಾಂಗನೀಸ್ ಥರದ ಪೋಷಕಾಂಶದ ಕೊರತೆ ಇರಬಹುದು, ಒಂದ್ಕಡೆ ಹಸಿರು ಒಂದ್ಕಡೆ ಹಳದಿ ಅಂತ ಅಡ್ಡಾದಿಡ್ಡಿ ಇದ್ರೆ ಗ್ರೀನಿಂಗ್ ಅನುಮಾನ ಪಡಬೇಕು, ಹಣ್ಣು ಸೊಟ್ಟಗಿದ್ದು ಒಳಗೆ ಬೀಜ ಜಳ್ಳಾಗಿದ್ರೆ ಅನುಮಾನ ಇನ್ನೂ ಜಾಸ್ತಿ. ಕೊನೇ ತೀರ್ಮಾನ ಲ್ಯಾಬ್ ಟೆಸ್ಟೇ, ಆದ್ರೆ ಯಾವ ಎಲೆ ಕಳಿಸಬೇಕು ಅಂತ ಗೊತ್ತಾಗೋಕೆ ಇದು ಸಾಕು.

ತಳಿ ಇಷ್ಟ ಆದ್ರೆ ಅದರ ಹೆಸರು, ಬೇರುಗಿಡದ ಹೆಸರು ಬರ್ಕೊಂಡು ಬನ್ನಿ, ಗಿಡ ಮಾತ್ರ ರೋಗ ಪರೀಕ್ಷೆ ಮಾಡಿದ ತಾಯಿಮರದಿಂದ ಕಸಿ ಕಟ್ಟೋ ನರ್ಸರಿಯಲ್ಲೇ ತಗೊಳ್ಳಿ. ವೈರಸ್ ಇಲ್ಲದ ತಾಯಿಮರ ತಯಾರಿಸೋಕೆ ವಿಜ್ಞಾನಿಗಳು ಮಿಲಿಮೀಟರಿಗಿಂತ ಚಿಕ್ಕ ಚಿಗುರಿನ ತುದಿನ ಸೂಕ್ಷ್ಮದರ್ಶಕದ ಕೆಳಗೆ ಕತ್ತರಿಸಿ ಗಾಜಿನ ನಳಿಕೆಯೊಳಗಿನ ಸಸಿಗೆ ಕಸಿ ಕಟ್ತಾರೆ, 1970ರ ದಶಕದಲ್ಲೇ ಬಂದ ವಿಧಾನ ಅದು. ಅಷ್ಟು ಕಷ್ಟಪಟ್ಟು ಶುದ್ಧ ಮಾಡಿದ್ದನ್ನ ನಾವು ಬ್ಯಾಗಲ್ಲಿ ತಂದ ಒಂದು ಕಡ್ಡಿಯಿಂದ ಹಾಳು ಮಾಡೋದು ನ್ಯಾಯ ಅಲ್ಲ.

ಪ್ರವಾಸ ಏರ್ಪಾಡು ಮಾಡೋರಿಗೂ ಒಂದು ಮಾತು. ಫೈಟಾಫ್ಥೊರಾನೂ ಬೇರು ತಿನ್ನೋ ಜಂತುಹುಳಾನೂ ಶೂಗೆ ಅಂಟಿದ ಮಣ್ಣಲ್ಲೇ ಪ್ರಯಾಣ ಮಾಡ್ತವೆ, ಒಂದು ತೋಟದಿಂದ ಇನ್ನೊಂದಕ್ಕೆ ಹೋಗೋ ಮುಂಚೆ ಬಕೆಟ್ಟು, ಬ್ರಷ್ಷು ಇಟ್ಟು ಎಲ್ರ ಕೈಲೂ ಚಪ್ಪಲಿ ತೊಳೆಸಿ. ಕೊಂಬೆ ಸವರೋದು ಹೇಗೆ ಅಂತ ಕೈಯಾರೆ ಕಲಿಸೋದಾದ್ರೆ ಕತ್ತರಿನ ಗಿಡದಿಂದ ಗಿಡಕ್ಕೆ ಬ್ಲೀಚ್ ದ್ರಾವಣದಲ್ಲಿ ಅದ್ದಿಸಿ, ಕತ್ತರಿಯಿಂದ ಹರಡೋ ಎಕ್ಸೋಕಾರ್ಟಿಸ್ ಸ್ಪಿರಿಟ್ಟಿಗೆ ಜಗ್ಗಲ್ಲ. ಹೊರಡೋ ದಿನವೇ ಗಿಡ, ಕಡ್ಡಿ, ಎಲೆ ಏನೂ ಬಸ್ಸಿಗೆ ಹತ್ತಿಸಲ್ಲ ಅಂತ ಖಡಕ್ಕಾಗಿ ಹೇಳ್ಬಿಡಿ, ಬರುವಾಗ ಹೇಳಿದ್ರೆ ಯಾರೂ ಕೇಳಲ್ಲ.

ನಿಮ್ಮ ವರದಿಗಾರರಲ್ಲೂ ಕೇಳ್ಕೊಳ್ಳೋದು ಇಷ್ಟೇ, ಮುಂದಿನ ಸಲ ಇಂಥ ಪ್ರವಾಸದ ಸುದ್ದಿ ಹಾಕುವಾಗ ಇಳುವರಿ ಜೊತೆಗೆ ಆ ತೋಟದ ಬೇರುಗಿಡ ಯಾವುದು, ಮಣ್ಣು ಎಂಥದ್ದು, ಎಷ್ಟು ಗಿಡ ಯಾವ ಕಾರಣಕ್ಕೆ ಸತ್ವು ಅನ್ನೋದನ್ನೂ ಕೇಳಿ ಬರೀರಿ.

ಇಂತಿ,
ಒಬ್ಬ ಕಿತ್ತಳೆ ಬೆಳೆಗಾರ