ದೂರದರ್ಶಕ ಕೊಳ್ಳುವ ಮುನ್ನ

ಸದಸ್ಯರ ಗಮನಕ್ಕೆ: ಮೊದಲ ದೂರದರ್ಶಕವಾಗಿ ಯಾವುದನ್ನು ಕೊಳ್ಳಬೇಕು ಎಂದು ಹಲವರು ಕೇಳುತ್ತಿದ್ದೀರಿ. ಡಬ್ಬಿಯ ಮೇಲೆ ‘525 ಪಟ್ಟು’ ಹಿಗ್ಗಿಸುತ್ತದೆ ಎಂದು ದೊಡ್ಡದಾಗಿ ಅಚ್ಚಾಗಿದ್ದರೆ ಅದನ್ನು ಅಂಗಡಿಯಲ್ಲಿಯೇ ಬಿಟ್ಟು ಬನ್ನಿ. ನೋಡಬೇಕಾದದ್ದು ಮಸೂರ ಅಥವಾ ದರ್ಪಣದ ವ್ಯಾಸ. 60 ಮಿ.ಮೀ. ವ್ಯಾಸಕ್ಕೆ ಹೆಚ್ಚೆಂದರೆ 120 ಪಟ್ಟು. ಅದನ್ನು ಮೀರಿದರೆ ಹಿಗ್ಗುವುದು ಮಸುಕು ಮಾತ್ರ. ಟ್ರೈಪಾಡ್ ಅಲುಗಾಡುವಂತಿದ್ದರೆ ಅಷ್ಟೂ ದಕ್ಕುವುದಿಲ್ಲ.

ಹಣ ಕಡಿಮೆಯಿದ್ದರೆ 10×50 (10 ಪಟ್ಟು ಹಿಗ್ಗಿಸುವ, 50 ಮಿ.ಮೀ. ಮಸೂರದ) ಬೈನಾಕ್ಯುಲರ್ ಕೊಳ್ಳಿ. ಕೃತ್ತಿಕೆ ನಕ್ಷತ್ರಪುಂಜ ಸೊಗಸಾಗಿ ಕಾಣುತ್ತದೆ, ಕೈ ನಡುಗದಿದ್ದರೆ ಗುರು ಗ್ರಹದ ಚಂದ್ರಗಳೂ ಸಿಗುತ್ತವೆ. ನಮ್ಮ ಚಂದ್ರನ ಕುಳಿಗಳಿಗೆ ಹುಣ್ಣಿಮೆ ಬೇಡ. ಶುಕ್ಲ ಅಷ್ಟಮಿಯ ಆಸುಪಾಸಿನಲ್ಲಿ ನೆರಳು ಉದ್ದವಾಗಿರುವುದರಿಂದ ಅವು ಎದ್ದು ಕಾಣುತ್ತವೆ. ತಾರಸಿ ಹತ್ತಿದ ಮೇಲೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20 ನಿಮಿಷ ಮೊಬೈಲ್ ಮುಟ್ಟಬೇಡಿ (ಈ ಗುಂಪಿನ ಸಂದೇಶ ನೋಡಲಿಕ್ಕೂ).

ಮುಂಭಾಗಕ್ಕೆ ಸರಿಯಾದ ಸೌರ ಫಿಲ್ಟರ್ ಇಲ್ಲದೆ ಸೂರ್ಯನತ್ತ ಯಾವುದನ್ನೂ ತಿರುಗಿಸಬೇಡಿ. ಮನೆಯಲ್ಲಿ ಮಕ್ಕಳಿದ್ದರೆ ಹಗಲಿನಲ್ಲಿ ಉಪಕರಣವನ್ನು ಒಳಗಿಡಿ.