ಬಾಲ್ಕನಿಯ ಬಸಳೆ, ದ್ರಾಕ್ಷಿಯ ರಸ: ಹತ್ತು ವರ್ಷ ಹೆಗಲು ಕೊಟ್ಟವರಿಗೆ

ಕರ್ತನಲ್ಲಿ ಪ್ರಿಯರಾದ ಎಲ್ಲರಿಗೂ ವಂದನೆಗಳು.

ದುಬೈಯಲ್ಲಿ ತಿಂಗಳಿಗೊಮ್ಮೆ ನಡೆಯುವ ನಮ್ಮ ಕನ್ನಡ ಆರಾಧನೆಗೆ ಹತ್ತು ವರ್ಷ ತುಂಬಿತು. ಪ್ರಸಂಗ ಮಾಡಿದ ಅಯ್ಯನವರುಗಳಿಗೂ ಹಾಡಿದ ಗಾನವೃಂದಕ್ಕೂ ಅಂದೇ ಶಾಲು ಹೊದಿಸಿ ವಂದಿಸಿದ್ದೇವೆ. ಈ ಬರಹ ಉಳಿದವರಿಗೆ: ಕುರ್ಚಿ ಜೋಡಿಸಿದವರಿಗೆ, ರಸ ಹಿಂಡಿದವರಿಗೆ, ರಾತ್ರಿ ಕೂತು ಹಾಡು ಟೈಪ್ ಮಾಡಿದವರಿಗೆ, ಶವಾಗಾರದ ಬಾಗಿಲಲ್ಲಿ ಕಾದವರಿಗೆ. ಅವರಲ್ಲಿ ಹಲವರು ಈ ವರ್ಷ ಊರಿಗೆ ಮರಳುತ್ತಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಅವರು ಮಾಡಿದ ಕೆಲಸವನ್ನಾದರೂ ಬರೆದಿಡುತ್ತೇವೆ. ಮುಂದೆ ಹೊರುವವರಿಗೆ ಬೇಕಾಗುತ್ತದೆ.

ಮೊದಲ ವಂದನೆ ನಮಗೆ ಜಾಗ ಕೊಟ್ಟವರಿಗೆ. ಇಲ್ಲಿನ ಊದ್ ಮೇಥಾ ಬಡಾವಣೆಯ ಚರ್ಚುಗಳಿಗೆ ನೆಲ ಕೊಟ್ಟದ್ದು ಆಗಿನ ದೊರೆ ಶೇಖ್ ರಾಶಿದ್. ಇವತ್ತು ಒಂದೇ ಆವರಣದಲ್ಲಿ ಮಲಯಾಳ, ತಮಿಳು, ತೆಲುಗು, ಉರ್ದು, ಟಗಾಲೊಗ್ ಭಾಷೆಗಳ ಸಭೆಗಳು ಒಂದರ ಹಿಂದೆ ಒಂದು ಸೇರುತ್ತವೆ. ನಮ್ಮ ಪಾಲಿಗೆ ಸಿಗುವುದು ಎರಡು ಗಂಟೆ. ಅದರಲ್ಲಿ ಮೊದಲ 15 ನಿಮಿಷ ಕುರ್ಚಿ, ಮೈಕು, ಪರದೆಗೆ ಹೋಗುತ್ತದೆ. ಕೊನೆಯ 15 ನಿಮಿಷ ಗುಡಿಸಿ ಬಿಟ್ಟುಕೊಡಲು. ಆರಾಧನೆಗೆ ಉಳಿಯುವುದು 90 ನಿಮಿಷ. ಪ್ರಸಂಗ 25 ನಿಮಿಷ ದಾಟಿತೆಂದರೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನವನ್ನು ಅವಸರದಲ್ಲಿ ಮುಗಿಸಬೇಕಾಗುತ್ತದೆ, ಅದು ಆಗಬಾರದ ಕೆಲಸ. ಹಿಂದಿನ ಸಾಲಿನಲ್ಲಿ ಗಡಿಯಾರ ಹಿಡಿದು ಕೂತು, 20ನೇ ನಿಮಿಷಕ್ಕೆ ಒಂದು ಹಳದಿ ಕಾಗದ ಎತ್ತಿ ತೋರಿಸುತ್ತಿದ್ದ ಅಣ್ಣನಿಗೆ ಆ ಪವಿತ್ರ ಹೊತ್ತಿನ ಶಾಂತಿಯ ಋಣ ಸಲ್ಲುತ್ತದೆ.

2022ರ ಜನವರಿಯಲ್ಲಿ ಇಲ್ಲಿನ ವಾರಾಂತ್ಯ ಶುಕ್ರವಾರ-ಶನಿವಾರದಿಂದ ಶನಿವಾರ-ಭಾನುವಾರಕ್ಕೆ ಬದಲಾಯಿತು. ಅದುವರೆಗೆ ಶುಕ್ರವಾರವೇ ನಮ್ಮ ಕರ್ತನ ದಿನವಾಗಿತ್ತು. ಭಾನುವಾರ ಸಿಕ್ಕಿತೆಂದು ಕಚೇರಿಯವರಿಗೆ ಹಿಗ್ಗು. ಹೋಟೆಲು, ಅಂಗಡಿ, ಕಟ್ಟಡದ ಕೆಲಸದವರಿಗೆ ಎಷ್ಟೋ ಕಡೆ ರಜೆ ಹಳೆಯ ದಿನವೇ ಉಳಿಯಿತು. ಹಾಗಾಗಿ ಒಂದು ತಿಂಗಳು ಭಾನುವಾರ ಸಂಜೆ, ಮರುತಿಂಗಳು ಶುಕ್ರವಾರ ಸಂಜೆ ಎಂದು ಇಟ್ಟುಕೊಂಡಿದ್ದೇವೆ. ಇದನ್ನು ಒಂದೇ ದಿನಕ್ಕೆ ತರುವ ಮಾತು ಬಂದಾಗಲೆಲ್ಲ ಸೊನಾಪುರದ ಕಾರ್ಮಿಕರ ಕ್ಯಾಂಪಿನಿಂದ ಬರುವವರನ್ನು ಮೊದಲು ಕೇಳಿ. ಶುಭ ಶುಕ್ರವಾರಕ್ಕೂ ಕ್ರಿಸ್ಮಸಿಗೂ ಇಲ್ಲಿ ಸರ್ಕಾರಿ ರಜೆ ಇಲ್ಲ. ರಜೆ ಬೇಕಿದ್ದವರು ಜನವರಿಯಲ್ಲೇ ಅರ್ಜಿ ಹಾಕಬೇಕು. ಮಾರ್ಚಿನಲ್ಲಿ ಕೇಳಿದರೆ ಈದ್ ರಜೆ ಕೇಳಿದವರ ಸಾಲಿನ ಹಿಂದೆ ನಿಲ್ಲಬೇಕಾಗುತ್ತದೆ.

ಹಾಡಿನ ಪರದೆ ನೋಡಿಕೊಂಡ ತಂಗಿಯರಿಬ್ಬರ ಕೆಲಸ ಹೊರಗಿನವರಿಗೆ ಸಣ್ಣದಾಗಿ ಕಾಣಬಹುದು. ನಮ್ಮಲ್ಲಿ ಉಡುಪಿ-ಮಂಗಳೂರಿನವರಿದ್ದಾರೆ, ಧಾರವಾಡ-ಗದಗಿನವರಿದ್ದಾರೆ, ಬೆಂಗಳೂರು-ಕೋಲಾರದವರಿದ್ದಾರೆ, ಕಥೋಲಿಕ ಬಂಧುಗಳೂ ಬರುತ್ತಾರೆ. ಕರ್ತನ ಪ್ರಾರ್ಥನೆಯನ್ನು ಒಬ್ಬರು ‘ಪರಲೋಕದಲ್ಲಿರುವ’ ಎಂದು ತೊಡಗಿದರೆ ಇನ್ನೊಬ್ಬರು ‘ಸ್ವರ್ಗದಲ್ಲಿರುವ’ ಎನ್ನುತ್ತಾರೆ. ಪರದೆಯಲ್ಲಿ ಪಾಠ ಇಲ್ಲದಿದ್ದರೆ ಎರಡನೇ ಸಾಲಿಗೇ ದನಿಗಳು ಚದುರುತ್ತವೆ. ತಿಂಗಳು ಬಿಟ್ಟು ತಿಂಗಳು ಒಂದೊಂದು ಪಾಠ ಹಾಕುವ ಕ್ರಮ ಅವರದು.

ಊರಿನಿಂದ ಬರುವ ಹಳೆಯ ಹಾಡಿನ ಕಡತಗಳು ಬಹುಪಾಲು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿರುತ್ತವೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತವೆ. ಯೂನಿಕೋಡಿಗೆ ಪರಿವರ್ತಿಸಿದ ಮೇಲೂ ಕಣ್ಣಿಟ್ಟು ಓದಬೇಕು: ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಜಾರಿರುತ್ತದೆ, ದೀರ್ಘದ ಗುರುತು ಬಿಟ್ಟುಹೋಗಿರುತ್ತದೆ. ಒಂದು ಪುಟಕ್ಕೆ ಎರಡೇ ಸಾಲು, 40ಕ್ಕಿಂತ ಕಡಿಮೆಯಿಲ್ಲದ ಅಕ್ಷರದ ಅಳತೆ. ಪುಟ ಮುರಿಯಬೇಕಾದ್ದು ರಾಗ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನಿನವರ ಕಾಲದಿಂದ ಜರ್ಮನ್ ರಾಗಗಳ ಮೇಲೆ ಕನ್ನಡ ಮಾತು ಕೂರಿಸಿದ ಹಾಡುಗಳು ನಮ್ಮಲ್ಲಿವೆ. ಅವುಗಳಲ್ಲಿ ಸಾಲಿನ ಕೊನೆಯ ಸ್ವರ ಉದ್ದ ನಿಲ್ಲುತ್ತದೆ. ಪುಟ ನಡುವೆ ಮುರಿದರೆ ಗಾನವೃಂದದ ಟೆನರ್, ಬಾಸ್ ದನಿಯವರು ಒಂದು ಕಡೆ, ಸಭೆ ಇನ್ನೊಂದು ಕಡೆ.

ಇಲ್ಲೇ ಹುಟ್ಟಿದ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅವರಿಗಾಗಿ ಕೆಳಗೆ ಇಂಗ್ಲಿಷ್ ಲಿಪಿಯಲ್ಲಿ ಅದೇ ಸಾಲು ಹಾಕುತ್ತೇವೆ. ದೀರ್ಘಕ್ಕೆ ಸ್ವರವನ್ನು ಎರಡು ಸಲ, ‘ಳ’ ಮತ್ತು ‘ಣ’ಗಳಿಗೆ ದೊಡ್ಡಕ್ಷರ. ಈ ನಿಯಮ ತಪ್ಪಿದರೆ ದೇವರ ಕುರಿಮರಿ ಮಕ್ಕಳ ಬಾಯಲ್ಲಿ ‘ಕುರಿ ಮಾರಿ’ ಆಗಿ ಅರ್ಥವೇ ಕೆಡುತ್ತದೆ. ಈಗ ಹದಿಮೂರು ಮಕ್ಕಳು ಮೇಲಿನ ಸಾಲನ್ನೇ ಓದಿ ಹಾಡುತ್ತಾರೆ. ಇದಕ್ಕಿಂತ ದೊಡ್ಡ ಫಲ ನಾವು ಬೇಡಿರಲಿಲ್ಲ.

ಕರ್ತನ ಭೋಜನಕ್ಕೆ ದ್ರಾಕ್ಷಾರಸ ಮಾಡುವ ಅಕ್ಕಂದಿರಿಗೆ ವಿಶೇಷ ವಂದನೆ. ನಮ್ಮ ಸಭೆಯ ರೂಢಿಯಂತೆ ಹುಳಿ ಬಾರದ, ಅಮಲಿಲ್ಲದ ರಸವನ್ನೇ ಬಳಸುತ್ತೇವೆ. 120 ಜನಕ್ಕೆ ತಲಾ 10 ಮಿಲಿಯಂತೆ 1.2 ಲೀಟರ್ ಬೇಕು; ಒಂದೂವರೆ ಲೀಟರ್ ಮಾಡಿಟ್ಟರೆ ನೆಮ್ಮದಿ. ಕಪ್ಪು ಒಣದ್ರಾಕ್ಷಿ 350 ಗ್ರಾಂ. ಕೆಲವು ದ್ರಾಕ್ಷಿಗೆ ಎಣ್ಣೆ ಸವರಿರುತ್ತಾರೆ, ಅದು ರಸದ ಮೇಲೆ ಪದರವಾಗಿ ತೇಲುತ್ತದೆ. ಆದ್ದರಿಂದ ಬಿಸಿನೀರಿನಲ್ಲಿ ಎರಡು ಸಲ ತೊಳೆಯಬೇಕು. ಕುದಿಸಿದ 1.75 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಚೆನ್ನಾಗಿ ಕಿವುಚಿ, ತೆಳು ಬಟ್ಟೆಯಲ್ಲಿ ಹಿಂಡಿ, ಹತ್ತು ನಿಮಿಷ ಕುದಿಸಿ, ಆರಿದ ಮೇಲೆ ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡುವುದು. ಮೂರು ದಿನದೊಳಗೆ ಮುಗಿಸಬೇಕು. ಇಲ್ಲಿನ ಬೇಸಿಗೆಯಲ್ಲಿ ಕಾರಿನಲ್ಲಿ ಮರೆತುಬಿಟ್ಟರೆ ಅದು ನೊರೆಯೆದ್ದು ಹುಳಿವಾಸನೆ ಬರುತ್ತದೆ. ಅಂಥದ್ದನ್ನು ಸಕ್ಕರೆ ಹಾಕಿ ಸರಿಪಡಿಸಲು ಹೋಗಬೇಡಿ, ಚೆಲ್ಲಿಬಿಡಿ. ನೆನೆಸುವ ರಾತ್ರಿ ಫ್ರಿಜ್ಜಿನಲ್ಲೇ ಇಟ್ಟರೆ ಇನ್ನೂ ಕ್ಷೇಮ.

ನಮ್ಮ ಮುಸ್ಲಿಂ ಸಹೋದ್ಯೋಗಿಗಳಿಗೂ ನೆರೆಯವರಿಗೂ ಇಲ್ಲಿ ಕೃತಜ್ಞತೆ ಹೇಳಲೇಬೇಕು. 2025ರಲ್ಲಿ ರಂಜಾನ್ ತೊಡಗಿದ್ದು ಮಾರ್ಚ್ 1ಕ್ಕೆ, ನಮ್ಮ ತಪಸ್ಸುಕಾಲ ತೊಡಗುವ ಬೂದಿ ಬುಧವಾರ ಬಂದದ್ದು ಮಾರ್ಚ್ 5ಕ್ಕೆ. ನಮ್ಮ ತಪಸ್ಸಿನ ದಿನಗಳೂ ಅವರ ಉಪವಾಸವೂ ಜೊತೆಯಾಗಿ ನಡೆದವು. ನಮ್ಮ ಮಧ್ಯಾಹ್ನದ ಪ್ರಾರ್ಥನೆಗೆ ಶಿಫ್ಟ್ ಬದಲಿಸಿಕೊಟ್ಟವರು ಅವರು. ಅವರ ಇಫ್ತಾರ್ ಹೊತ್ತಿಗೆ ಕೌಂಟರಿನಲ್ಲಿ ನಿಂತವರು ನಮ್ಮವರು. ಆ ತಿಂಗಳಲ್ಲಿ ಹಾಡಿನ ಅಭ್ಯಾಸವನ್ನು ಸೂರ್ಯಾಸ್ತಕ್ಕೆ ಇಡಬೇಡಿ. ಅದಕ್ಕೆ ಮುಂಚಿನ ಒಂದು ಗಂಟೆ ರಸ್ತೆಯೆಲ್ಲ ಮನೆಗೆ ಓಡುವವರಿಂದ ತುಂಬಿರುತ್ತದೆ. ರಾತ್ರಿ ಎಂಟೂವರೆಗೆ ಇಟ್ಟರೆ ಎಲ್ಲರಿಗೂ ಅನುಕೂಲ.

ಸಾವಿನ ಮನೆಯ ಕೆಲಸ ಹೊತ್ತ ಮೂವರ ಬಗ್ಗೆ ಎಷ್ಟು ಬರೆದರೂ ಸಾಲದು. ಶವವನ್ನು ಊರಿಗೆ ಕಳಿಸಲು ಆಸ್ಪತ್ರೆಯ ಮರಣ ವರದಿ, ಪೊಲೀಸರ ಪತ್ರ, ಆರೋಗ್ಯ ಇಲಾಖೆಯ ಮರಣ ಪ್ರಮಾಣಪತ್ರ, ವೀಸಾ ರದ್ದತಿ, ಭಾರತದ ಕಾನ್ಸುಲೇಟಿನಲ್ಲಿ ಮರಣದ ನೋಂದಣಿ ಮತ್ತು ಪಾಸ್‌ಪೋರ್ಟ್ ರದ್ದು, ಶವ ಕೆಡದಂತೆ ಮಾಡುವ ಎಂಬಾಮಿಂಗ್, ವಿಮಾನದ ಕಾರ್ಗೊ, ಇಷ್ಟೂ ಆಗಬೇಕು. ಒಂದರ ಕಾಗದ ಇನ್ನೊಂದಕ್ಕೆ ಆಧಾರ. ಹೆಚ್ಚಾಗಿ ತೊಡಕಾಗುವುದು ಹೆಸರಿನಲ್ಲಿ: ಆಸ್ಪತ್ರೆಯ ವರದಿಯಲ್ಲಿ ಒಂದು ಕಾಗುಣಿತ, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಮೊದಲ ಕಾಗದ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಅಕ್ಷರ ಅಕ್ಷರ ಹೋಲಿಸಿ ನೋಡಿ. ಎರಡನೆಯದು, ಪಾಸ್‌ಪೋರ್ಟ್ ಎಲ್ಲಿದೆಯೆಂದೇ ಯಾರಿಗೂ ಗೊತ್ತಿಲ್ಲದಿರುವುದು. ಒಂಟಿಯಾಗಿ ಇರುವವರು ಅದರ ಪ್ರತಿಯನ್ನು ಇಬ್ಬರು ಸ್ನೇಹಿತರ ಬಳಿ ಇಡಲೇಬೇಕು. ಖರ್ಚಿಗೆ ದಾರಿಯಿಲ್ಲದವರಿಗೆ ಕಾನ್ಸುಲೇಟಿನ ಮೂಲಕ ಭಾರತೀಯ ಸಮುದಾಯ ಕಲ್ಯಾಣ ನಿಧಿಯನ್ನು ಕೇಳಬಹುದು. ಪರವಾನಗಿ ಇಲ್ಲದೆ ಜನರಿಂದ ಹಣ ಎತ್ತುವುದನ್ನು 2021ರ ದೇಣಿಗೆ ಕಾನೂನು ತಡೆಯುತ್ತದೆ. ವಾಟ್ಸಾಪಿನಲ್ಲಿ ‘ಎಲ್ಲರೂ ನೂರು ದಿರ್ಹಂ ಹಾಕಿ’ ಎಂದು ಕಳಿಸುವುದು ಒಳ್ಳೆಯ ಮನಸ್ಸಿನಿಂದಾದರೂ ತಪ್ಪೇ.

ಊರಿನ ಕಡೆಯೂ ಕೆಲಸ ಇದೆ. ವಿಮಾನದಲ್ಲಿ ಬರುವ ಪೆಟ್ಟಿಗೆ ಊರಿನ ಪೆಟ್ಟಿಗೆಗಿಂತ ದೊಡ್ಡದು. ಉದ್ದ, ಅಗಲ ಫೋನಿನಲ್ಲಿ ಮೊದಲೇ ಹೇಳದಿದ್ದರೆ ತೋಡಿದ ಗುಂಡಿ ಸಾಲದೆ, ಅಳುವವರ ಮುಂದೆಯೇ ಮತ್ತೆ ಅಗೆಯಬೇಕಾಗುತ್ತದೆ. ವಿಮಾನ ಇಳಿಯುವ ಹೊತ್ತಿಗೂ ಮಣ್ಣು ಮಾಡುವ ಹೊತ್ತಿಗೂ ನಡುವೆ ನಾಲ್ಕು ಗಂಟೆಯಾದರೂ ಬಿಡಿ. ಊರಿನ ಸಭೆಯ ರಿಜಿಸ್ಟರಿನಲ್ಲಿ ಹೆಸರು ಚಾಲ್ತಿಯಲ್ಲಿರುವಂತೆ ಬದುಕಿರುವಾಗಲೇ ನೋಡಿಕೊಳ್ಳಿ. ಇಷ್ಟನ್ನೆಲ್ಲ ಆ ಮೂವರು ರಾತ್ರಿಪಾಳಿ ಮುಗಿಸಿ ಬಂದು ಮಾಡಿದ್ದಾರೆ. ದೇವರು ಅವರ ಮನೆಗಳನ್ನು ಆಶೀರ್ವದಿಸಲಿ.

ಕ್ರಿಸ್ಮಸಿನ ಕುಸ್ವಾರ್ ತಿಂಡಿಗಳನ್ನು ಕರಿದವರಿಗೆ ಒಂದೇ ಮಾತು: ಗುಲಾಬಿ ಹೂವಿನ ಅಚ್ಚು ಎಣ್ಣೆಯಲ್ಲಿ ಚೆನ್ನಾಗಿ ಕಾಯಬೇಕು, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು ಎಂದು ಹೊಸಬರಿಗೆಲ್ಲ ಕೈಹಿಡಿದು ಕಲಿಸಿದ್ದೀರಿ. ಪೂರ್ತಿ ಮುಳುಗಿಸಿ ಅಚ್ಚಿಗೆ ಅಂಟಿಸಿಕೊಂಡವರ ಮೇಲೂ ಸಿಟ್ಟಾಗಲಿಲ್ಲ.

ಕೊನೆಗೆ ಬೆಳೆ ಹಬ್ಬ. ಗದ್ದೆಯಿಲ್ಲದ ನಾಡಿನಲ್ಲಿ ಪ್ರಥಮ ಫಲ ಏನು ತರುವುದು ಎಂಬ ಪ್ರಶ್ನೆಗೆ ಬಾಲ್ಕನಿಯಲ್ಲಿ ಗಿಡ ಬೆಳೆಸುವವರು ಉತ್ತರ ಕೊಟ್ಟರು. ಹಬ್ಬ ನವೆಂಬರಿನ ಕೊನೆಯ ವಾರ. ಹಿಂದಕ್ಕೆ ಎಣಿಸಿದರೆ ಬೆಂಡೆ ಸೆಪ್ಟೆಂಬರ್ ಕೊನೆಗೆ ಬಿತ್ತಬೇಕು, ಹರಿವೆ ಅಕ್ಟೋಬರ್ ಮೂರನೇ ವಾರಕ್ಕೆ. ಬಸಳೆಗೆ ಬೀಜ ಬೇಡ. ಮೂರು ಗಿಣ್ಣಿರುವ, ಗೇಣುದ್ದದ ದಪ್ಪ ಕಡ್ಡಿ ಸಾಕು, ಎರಡು ಗಿಣ್ಣು ಮಣ್ಣೊಳಗೆ. ಹನ್ನೆರಡು ಇಂಚಿನ ಕುಂಡಕ್ಕೆ ಚೀಲದ ಮಣ್ಣು ಎರಡು ಪಾಲು, ತೆಂಗಿನ ನಾರಿನ ಪುಡಿ ಒಂದು, ಗೊಬ್ಬರ ಒಂದು. ಇಲ್ಲಿನ ಮರಳನ್ನೇ ತುಂಬಿದರೆ ನೀರು ನಿಲ್ಲುವುದಿಲ್ಲ, ಉಪ್ಪಿನಂಶಕ್ಕೆ ಎಲೆಯ ಅಂಚು ಸುಡುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರು ಗಿಡಕ್ಕೆ ಆಗುತ್ತದೆ, ಆದರೆ ಅದರಲ್ಲಿ ಸತ್ವವಿಲ್ಲದ್ದರಿಂದ ಹದಿನೈದು ದಿನಕ್ಕೊಮ್ಮೆ ಗೊಬ್ಬರ ಕೊಡಬೇಕು. ಎಸಿಯ ಹೊರಪೆಟ್ಟಿಗೆಯ ಬಿಸಿಗಾಳಿ ಬಡಿಯುವ ಮೂಲೆಯಲ್ಲಿ ಕುಂಡ ಇಟ್ಟರೆ ಒಂದೇ ದಿನಕ್ಕೆ ಬಾಡುತ್ತದೆ. ಊರಿನಂತೆ ತಂದ ಫಲದ ಏಲಂ ನಾವು ಮಾಡುವುದಿಲ್ಲ, ಮೇಲೆ ಹೇಳಿದ ದೇಣಿಗೆ ಕಾನೂನಿಗಾಗಿ. ಕಾಣಿಕೆ ಚರ್ಚಿನ ಪೆಟ್ಟಿಗೆಗೇ ಹೋಗುತ್ತದೆ, ಸೊಪ್ಪು ಅಡುಗೆಮನೆಗೆ.

ಊರಿಗೆ ಹೊರಟವರು ಬಿಟ್ಟುಹೋಗುವ ಕುಂಡಗಳು ಹನ್ನೊಂದು ಇವೆ. ಮುಂದಿನ ಆರಾಧನೆ ಮುಗಿದ ಮೇಲೆ ಅವುಗಳ ಬಸಳೆ ಕಡ್ಡಿ ಹಂಚುತ್ತೇವೆ. ಒದ್ದೆ ಬಟ್ಟೆ ತನ್ನಿ, ಕಾರಿನ ಡಿಕ್ಕಿಯಲ್ಲಿ ಇಡಬೇಡಿ.