ಡಬ್ಬಿಂಗ್ ಮುಗಿಯಿತು: ಭಟ್ಟರಿಗೆ, ಮತ್ತೆ ಎಲ್ಲರಿಗೂ

ಯಕ್ಷಗಾನ ಮೇಳದ ವೇಷಧಾರಿಯಾದ ನಾನು ನಟಿಸಿದ ಸಿನಿಮಾದ ಡಬ್ಬಿಂಗ್ ಮುಗಿದಿದೆ. ಪಾತ್ರಕ್ಕೆ ಕೊನೆಗೂ ನನ್ನ ದನಿಯೇ ಉಳಿದಿದೆ. ಡಬ್ಬಿಂಗ್ ನಡುವೆ ಗಂಟಲು ಕೆಟ್ಟು ದನಿ ಬಿದ್ದದ್ದು, ನನ್ನ ಪಾತ್ರಕ್ಕೆ ಬೇರೆಯವರಿಂದ ದನಿ ಕೊಡಿಸುವ ಮಾತು ಎದ್ದದ್ದು, ಇದೆಲ್ಲ ಸಾಗರ, ಹೊಸನಗರ ಕಡೆಯ ಸ್ನೇಹಿತರಿಗೆ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ. ಯಾರು ಏನು ಮಾಡಿದರು ಅನ್ನುವುದನ್ನು ಮಾತ್ರ ನಾಲ್ಕು ಜನರ ಮುಂದೆ ಹೇಳಲೇಬೇಕು.

ತಿರುಗಾಟದ ನಡುವೆ ರಜೆ ಕೊಟ್ಟ ಮೇಳದ ಯಜಮಾನರು, ನನ್ನ ವೇಷಗಳನ್ನು ಹಂಚಿಕೊಂಡು ಮಾಡಿದ ಸಹಕಲಾವಿದರು, ಹೊಸಬ ಅಂತ ಗದರದ ನಿರ್ದೇಶಕರು, ತೀರ್ಥಹಳ್ಳಿ ಹತ್ತಿರ ಅಂಗಳ ಬಿಟ್ಟುಕೊಟ್ಟು ಇಡೀ ತಂಡಕ್ಕೆ ಕಾಫಿ ಕಾಯಿಸಿದ ಅಮ್ಮ, ಮನೆಯ ಕಡೆ ಎಲ್ಲ ಸುಧಾರಿಸಿಕೊಂಡ ಹೆಂಡತಿ, ಎಲ್ಲರಿಗೂ ನಮಸ್ಕಾರ. ಹೆಂಡತಿಗೆ ಇಷ್ಟೇನಾ ಅಂತ ಕೇಳಬೇಡಿ, ಇದಕ್ಕಿಂತ ಹೆಚ್ಚು ಬರೆದರೆ ಅವಳೇ ಬೈಯುತ್ತಾಳೆ.

ಹೆಗ್ಗೋಡಿನ ನೀನಾಸಂ ರಂಗಶಾಲೆಯಲ್ಲಿ ಕಲಿತ ಗೆಳೆಯ ಕ್ಯಾಮೆರಾದ ಮುಂದೆ ನಿಲ್ಲುವ ಪಾಠ ಹೇಳಿಕೊಟ್ಟ. ಯಕ್ಷಗಾನದವರದ್ದು ಓವರ್ ಆ್ಯಕ್ಟಿಂಗ್ ಅನ್ನುವುದನ್ನು ಅವನು ಒಪ್ಪುವುದಿಲ್ಲ, ನಾನಂತೂ ಒಪ್ಪುವುದೇ ಇಲ್ಲ. ಬಯಲಾಟದಲ್ಲಿ ಕೊನೆಯ ಸಾಲಿನಲ್ಲಿ ಕಂಬಳಿ ಹೊದ್ದು ಕೂತವರಿಗೂ ಹುಬ್ಬು ಕಾಣಬೇಕು, ಅಷ್ಟು ಬಣ್ಣ, ಅಷ್ಟು ಕಾಡಿಗೆ ಅದಕ್ಕೇ. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ನೋಡಿದವರು ಯಾರಾದರೂ ಅದು ಹೆಚ್ಚಾಯಿತು ಅಂದಾರೆಯೇ? ಆದರೆ 85 ಎಂ.ಎಂ. ಲೆನ್ಸ್ ಹಾಕಿದರೆ ಆ ಕೊನೆಯ ಸಾಲಿನವರು ಎದ್ದು ಬಂದು ಮುಖದ ಎದುರೇ ಕೂತ ಹಾಗೆ. ಲೆನ್ಸಿಗೆ ಬೆಳಕು ಬಿಡುವ ಕಿಂಡಿ, ಅಪರ್ಚರ್, ದೊಡ್ಡದಾಗಿ ತೆರೆದಿದ್ದರೆ ಫೋಕಸ್ ಉಳಿಯುವ ಜಾಗ ಕೆಲವೇ ಅಂಗುಲ. ಮಾತಿನ ಭರದಲ್ಲಿ ಎದೆ ಮುಂದೆ ಬಂತೋ, ಮುಖ ಮಸುಕು. ಕೈ ಅಗಲಕ್ಕೆ ಹೋಯಿತೋ, ಫ್ರೇಮಿನ ಆಚೆ. ನಿಲ್ಲುವ ಜಾಗಕ್ಕೆ ನೆಲದಲ್ಲಿ ಟೇಪ್ ಅಂಟಿಸುತ್ತಾರೆ. ನಮ್ಮ ಮಳೆಗಾಲದ ಅಂಗಳದಲ್ಲಿ ಅದು ಅಂಟುವುದಿಲ್ಲ, ಅದನ್ನು ಹುಡುಕಿ ಕಣ್ಣು ಕೆಳಗೆ ಹೋದರೆ ಶಾಟ್ ಹಾಳು. ಅಲ್ಲೊಂದು ಗಿಡ್ಡ ಬಿದಿರಿನ ಗೂಟ ಹೊಡೆಸು, ಕಾಲ್ಬೆರಳಿಗೆ ತಾಗಿದ ಕೂಡಲೇ ನಿಲ್ಲು ಅಂದ ಗೆಳೆಯ. ಇಡೀ ಚಿತ್ರೀಕರಣ ಆ ಗೂಟದ ಮೇಲೆ ನಡೆಯಿತು.

ಇನ್ನು ಭಟ್ಟರು. ನಮ್ಮ ಮೇಳದ ಮದ್ದಳೆಗಾರರು. ಸ್ಟುಡಿಯೋ ಬಾಗಿಲನ್ನೂ ಅಲ್ಲಿಯ ತನಕ ನೋಡಿದವರಲ್ಲ. "ಸುಮ್ನೆ ಕೂತಿರ್ತೀನಿ" ಅಂತ ಹೇಳಿ ಶಿವಮೊಗ್ಗದಲ್ಲಿ ನನ್ನ ಜೊತೆ ರಾತ್ರಿ ರೈಲು ಹತ್ತಿದವರು.

ತಗಡಿನ ಮಾಡಿಗೆ ಮಳೆ ಹೊಡೆಯುವಾಗ ಚಿತ್ರೀಕರಣದ ಸ್ಥಳದಲ್ಲೇ ಹಿಡಿದ ಧ್ವನಿ ಕೆಲಸಕ್ಕೆ ಬರುವುದಿಲ್ಲ. ಮಳೆ ನಿಂತರೆ ಜೀರುಂಡೆ ಶುರು. ಆ ಧ್ವನಿ ಪೈಲಟ್ ಟ್ರ್ಯಾಕ್ ಆಗಿ ಮಾತ್ರ ಉಳಿಯುತ್ತದೆ, ಅದನ್ನು ಕೇಳಿಕೊಂಡು ಪರದೆಯ ತುಟಿಗೆ ಸರಿಯಾಗಿ ಎಲ್ಲವನ್ನೂ ಮತ್ತೆ ಆಡಬೇಕು. ಡಬ್ಬಿಂಗ್ ಸರದಿ ಬರುವ ಹೊತ್ತಿಗೆ ಮೇಳ ತಿರುಗಾಟಕ್ಕೆ ಹೊರಟಾಗಿತ್ತು. ಇರುಳು ಚಂಡೆಯ ಎದುರು ಏರಿಸಿದ ದನಿ ಹಗಲು ಮೈಕಿನ ಮುಂದೆ ತಗ್ಗುವುದು ಸುಲಭವಲ್ಲ.

ಅರ್ಥಗಾರಿಕೆಯ ಅಭ್ಯಾಸವೂ ಇಲ್ಲಿ ತೊಡಕು. ಪದ್ಯ ಮುಗಿದ ಮೇಲೆ ಮಾತನ್ನು ಅಲ್ಲೇ ಕಟ್ಟುವವರು ನಾವು, ನಿನ್ನೆಯ ಮಾತು ಇವತ್ತಿಗಿಲ್ಲ. ಸಂಕಲನಕಾರರು ಎರಡನೇ ಟೇಕಿನ ಅರ್ಧಕ್ಕೆ ನಾಲ್ಕನೆಯದರ ಅರ್ಧ ಸೇರಿಸಿರುತ್ತಾರೆ. ಒಂದರಲ್ಲಿ "ನೀನು ಬರ್ತೀನಿ ಅಂದಿದ್ದೆ", ಇನ್ನೊಂದರಲ್ಲಿ "ಬರ್ತೀನಿ ಅಂದಿದ್ದೆಯಲ್ಲ ನೀನು". ಕಾಗದದ ಸಂಭಾಷಣೆ ಎರಡಕ್ಕೂ ಹೊಂದುವುದಿಲ್ಲ. ಭಟ್ಟರು ಮೊದಲು ಮಾಡಿದ್ದು, ಪೈಲಟ್ ಟ್ರ್ಯಾಕ್ ಕೇಳಿ ಬಾಯಿಂದ ನಿಜವಾಗಿ ಬಂದದ್ದನ್ನು ಅಕ್ಷರ ಬಿಡದೆ ನೋಟ್‌ಬುಕ್ಕಿಗೆ ಇಳಿಸಿದ್ದು. ತುಟಿ ಮುಚ್ಚುವ ಪ, ಬ, ಮ ಬಂದಲ್ಲಿ ಅಡಿಗೆರೆ, ಉಸಿರು ಎಳೆದಲ್ಲಿ ಸೊನ್ನೆ. ಬೇರೆ ಅಕ್ಷರ ತುಸು ಹಿಂದೆ ಮುಂದೆ ಆದರೂ ನಡೆಯುತ್ತದೆ. ಈ ಮೂರು ತಪ್ಪಿದರೆ ಮಗುವಿಗೂ ಗೊತ್ತಾಗುತ್ತದೆ.

ಆಮೇಲೆ ಕಾಲ, ಅಂದರೆ ಮಾತು ಎತ್ತುವ, ಬಿಡುವ ಲೆಕ್ಕ. ಹೆಡ್‌ಫೋನಿನಲ್ಲಿ ಮೂರು ಬೀಪ್ ಬರುತ್ತವೆ. ನಾಲ್ಕನೆಯದು ಬರಬೇಕಾದ ಜಾಗದಲ್ಲಿ ಮಾತು ಎತ್ತಬೇಕು. "ಏಕತಾಳ ಅಲ್ವಾ ಇದು" ಅಂದರು ಭಟ್ಟರು, ನಾಲ್ಕು ಎಣಿಕೆಯ ತಾಳ ಅದು, ಆ ಹೆದರಿಕೆ ಅಲ್ಲಿಗೇ ಹೋಯಿತು. ಕಷ್ಟ ಇರುವುದು ಬಿಡುವುದರಲ್ಲಿ. ಹಾಡುವ ಭಾಗವತರು ಮುಂದಿನ ಪದ್ಯ ಎತ್ತಲಿ ಅಂತ ಮಾತಿನ ಕೊನೆಯನ್ನು ಎಳೆಯುವುದು ನಮಗೆ ರೂಢಿ. ಪರದೆಯಲ್ಲಿ ತುಟಿ ಮುಚ್ಚಿಯಾಗಿದೆ, ದನಿ ಇನ್ನೂ ಬರುತ್ತಲೇ ಇದೆ! ಭಟ್ಟರು ಒಂದೊಂದೇ ಸಾಲನ್ನು ಅಳೆದರು. ಇದು ತ್ರಿವುಡೆ ತಾಳದ ಏಳು ಎಣಿಕೆಯಲ್ಲಿ ಮುಗಿಯುತ್ತದೆ, ಇದಕ್ಕೆ ರೂಪಕದ ಆರು ಸಾಕು, ಈ ಉದ್ದದ್ದು ಝಂಪೆಯ ಹತ್ತು, ಐದಾದ ಮೇಲೆ ಉಸಿರು. ತೊಡೆ ತಟ್ಟುವ ಹಾಗಿಲ್ಲ, ಮೈಕು ಅದನ್ನೂ ಹಿಡಿಯುತ್ತದೆ. ಪಕ್ಕದಲ್ಲಿ ನಿಂತು ನನ್ನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒತ್ತುತ್ತಿದ್ದರು, ಮದ್ದಳೆ ನುಡಿಸಿ ನುಡಿಸಿ ಗಟ್ಟಿಯಾದ ಬೆರಳು. ಕೊನೆಯ ಒತ್ತು ಜೋರು, ಅಲ್ಲಿಗೆ ಬಾಯಿ ಮುಚ್ಚಬೇಕು. ಗಂಜಿ ಹಾಕಿದ ಅಂಗಿ ಸದ್ದು ಮಾಡುತ್ತದೆ ಅಂತ ಎಂಜಿನಿಯರ್ ಅಂದಾಗ ಅಂಗಿ ಕಳಚಿಟ್ಟು, ಆ ಎ.ಸಿ. ಕೋಣೆಯಲ್ಲಿ ಬನಿಯನ್ನಿನಲ್ಲೇ ನಿಂತರು.

ದನಿ ಬಿದ್ದ ರಾತ್ರಿ ಪಿಸುಮಾತಿನಲ್ಲಾದರೂ ಹೇಳಿ ನೋಡುತ್ತೇನೆ ಅಂದೆ. ಭಟ್ಟರು ಬಿಡಲಿಲ್ಲ. ಮೆಲ್ಲಗೆ ಮಾತಾಡುವುದಕ್ಕಿಂತ ಪಿಸುಗುಟ್ಟುವುದೇ ಗಂಟಲಿಗೆ ಹೆಚ್ಚು ಭಾರ. ಮೆಣಸಿನ ಕಷಾಯಕ್ಕೂ ಒಪ್ಪಲಿಲ್ಲ, ಬರೀ ಬಿಸಿನೀರು, ಹಬೆ. ಮಾತಿನಿಂದಲೇ ಅನ್ನ ತಿಂದವನ ಮುಖದಲ್ಲಿ ಇನ್ಯಾರದೋ ಮಾತು, ಅದನ್ನು ಊರಿನ ಟಾಕೀಸಿನಲ್ಲಿ ಕೂತು ಅಮ್ಮ ಕೇಳುವುದು... ಸ್ಟುಡಿಯೋದ ಹೊರಗೆ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ, ಮುಚ್ಚಿಡುವುದೇನು. ಭಟ್ಟರು ಸಮಾಧಾನದ ಮಾತು ಒಂದೂ ಆಡಲಿಲ್ಲ. "ದನಿ ಇನ್ನೊಂದಿನ ಬರ್ತದೆ ಮಾರಾಯ, ಇವತ್ತು ಕಾಲ ಕೂರಿಸು" ಅಂದರು. ಬೆಳಗಾಗುವ ತನಕ ದನಿಯೇ ಇಲ್ಲದೆ, ಬರೀ ತುಟಿ ಆಡಿಸಿಕೊಂಡು ಉಳಿದ ಸಾಲುಗಳನ್ನೆಲ್ಲ ಕೂರಿಸಿದ್ದಾಯಿತು. ಅವರು ಒಂದು ಸಲವೂ ಕೂರಲಿಲ್ಲ.

ವೈದ್ಯರು ಹೇಳಿದ ಮೌನ ಮುಗಿಸಿ ಹೋದಾಗ ಕೆಲಸ ಸರಸರ ಆಯಿತು. ಗೇಣು ದೂರದ ಮೈಕಿಗೆ ಹೇಗೂ ಸಣ್ಣ ದನಿಯೇ ಬೇಕು. ಮೊದಲು ತೆಗೆದಿದ್ದ ಸಾಲುಗಳನ್ನೂ ಅದೇ ಹದದಲ್ಲಿ ಇನ್ನೊಮ್ಮೆ ಹೇಳಿಸಿದರು ನಿರ್ದೇಶಕರು.

ಭಟ್ಟರು ದುಡ್ಡು ಮುಟ್ಟಲಿಲ್ಲ, ರೈಲಿನ ಟಿಕೆಟಿನದ್ದೂ. ಟೈಟಲ್ ಕಾರ್ಡಿನಲ್ಲಿ ಅವರ ಹೆಸರು ಬರುತ್ತದೆ. ಧ್ವನಿ ವಿಭಾಗದಲ್ಲೋ ಸಂಗೀತದಲ್ಲೋ ಅಂತ ಇನ್ನೂ ತೀರ್ಮಾನವಾಗಿಲ್ಲ. ನೋಟ್‌ಬುಕ್ ನನ್ನ ಹತ್ತಿರ ಇದೆ. ಮೇಳದಿಂದ ಸಿನಿಮಾ ಕಡೆ ಹೊರಟ ಹುಡುಗರಿಗೆ ಬೇಕಿದ್ದರೆ ಜೆರಾಕ್ಸ್ ಮಾಡಿಸಿ ಕೊಡುತ್ತೇನೆ. ಅಕ್ಷರ ಅರ್ಥವಾಗದಿದ್ದರೆ ಆಟ ಮುಗಿದ ಮೇಲೆ ನಾವು ಬಣ್ಣ ಹಚ್ಚುವ ಚೌಕಿಗೆ ಹೋಗಿ ಅವರನ್ನೇ ಕೇಳಿ. ಆಟಕ್ಕೆ ಮುಂಚೆ ಮಾತ್ರ ಹೋಗಬೇಡಿ, ಮದ್ದಳೆ ಶ್ರುತಿ ಮಾಡುವಾಗ ಯಾರು ಮಾತಾಡಿಸಿದರೂ ಅವರಿಗೆ ಸಿಟ್ಟು ಬರುತ್ತದೆ.